ಅಕ್ಕೋರ ಸಣ್ಣ ಶಬ್ದಗಳು

ಅಕ್ಕೋರ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಎಂದೋ ಲೋಕಲ್ ಗಾಡಿಯ ಬಾಗಿಲಲ್ಲಿ ಸಿಕ್ಕಿ ಮುರಿದದ್ದು, ಕೂಡಿಕೊಳ್ಳುವಾಗ ಕೋಲಿನ ಹಾಗೆ ನೆಟ್ಟಗೆ ಕೂಡಿಕೊಂಡಿತ್ತು. ಹೀಗಾಗಿ ಅವರು ಸುಮ್ಮನೆ ಕೈ ಎತ್ತಿದರೂ ಯಾರನ್ನೋ ಗದರಿಸಲು ಎತ್ತಿದಂತೆ ಕಾಣುತ್ತಿತ್ತು. ಅವರು ಬುಟ್ಟಿಯಲ್ಲಿನ ಬದನೆಕಾಯಿ ತೋರಿಸಿದರೆ, ತರಕಾರಿಯವಳು ತಾನೇನೋ ತಪ್ಪು ಮಾಡಿದೆನೆಂದು ತಿಳಿದು ತಕ್ಕಡಿಗೆ ಇನ್ನೊಂದು ಬದನೆಕಾಯಿ ಹಾಕುತ್ತಿದ್ದಳು. ಉಣ್ಣುವಾಗ, ಸೀಮೆಸುಣ್ಣ ಹಿಡಿದಾಗ, ನಲ್ಲಿಯ ಕೆಳಗಿನಿಂದ ಕೊಡ ಎತ್ತುವಾಗ ಆ ಒಂದು ಬೆರಳು ಉಳಿದವುಗಳ ಜೊತೆ ಸೇರದೆ ತನ್ನ ಪಾಡಿಗೆ ತಾನು ನಿಂತಿರುತ್ತಿತ್ತು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತಾರೆ. ಅವರು ಸಾಯನ್ನಿನ ಒಂದು ಹುಡುಗಿಯರ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಘಾಟ್ಕೋಪರದ ನಮ್ಮ ಚಾಳಿನಲ್ಲಿ ಕನ್ನಡದವರು ಮೂರೇ ಮನೆ, ಉಳಿದವರು ಮರಾಠಿಯವರು, ಗುಜರಾತಿಯವರು. ಆದರೂ ಎಲ್ಲರ ಬಾಯಲ್ಲಿಯೂ ಅವರು ಅಕ್ಕೋರೇ. ಎದುರು ಖೋಲಿಯ ಗುಜರಾತಿ ಬೆನ್ ಅಂತೂ ಅದನ್ನೇ ಅವರ ಹೆಸರೆಂದು ತಿಳಿದಿದ್ದಳು.

ಅವು ಐವತ್ತರ ದಶಕದ ನಡುವಿನ ವರ್ಷಗಳು. ಚೆಂಬೂರಿನಾಚೆ ಹೊಸದಾಗಿ ಎದ್ದ ರಿಫೈನರಿಯಲ್ಲಿ ನಮ್ಮವರಿಗೆ ನೌಕರಿ ಸಿಕ್ಕಿ, ಧಾರವಾಡದ ತುಂಬಿದ ಮನೆಯಿಂದ ನಾನು ಈ ಒಂದೂವರೆ ಖೋಲಿಗೆ ಬಂದು ಬಿದ್ದೆ. ಅವರದು ಪಾಳಿಯ ಕೆಲಸ. ಅವರು ಮನೆಯಲ್ಲಿದ್ದಾಗ ಮಲಗಿರುತ್ತಿದ್ದರು, ಎಚ್ಚರಿದ್ದಾಗ ಮನೆಯಲ್ಲಿ ಇರುತ್ತಿರಲಿಲ್ಲ. ನಾನು ಸ್ಟೋವಿನ ಜೊತೆ, ಕೊಡದ ಜೊತೆ ಮಾತಾಡಲು ಸುರುಮಾಡಿದ್ದೆ. ಊರಿನಲ್ಲಿ ನನ್ನ ಬಾಯಿಗೆ ಬೀಗ ಹಾಕಬೇಕು ಎನ್ನುತ್ತಿದ್ದರು. ಇಲ್ಲಿ ಅದು ತಾನಾಗಿಯೇ ಬಿದ್ದುಬಿಟ್ಟಿತು. ಮಧ್ಯಾಹ್ನ ಖೋಲಿಯ ಮುಂದಿನ ಕಟಾಂಜನದ ಕಂಬಿಗೆ ಆತುಕೊಂಡು ನಿಂತು, ದೂರದಲ್ಲಿ ಹಾಯುವ ಲೋಕಲ್ ಗಾಡಿಗಳನ್ನು ನೋಡುತ್ತ ಸುಮ್ಮನೆ ಅಳುತ್ತಿದ್ದೆ.

ಅದನ್ನು ಮೊದಲು ಕಂಡವರು ಕೆಳಗಿನ ಮಾಳಿಗೆಯ ಕಾಕು, ಚಾಳಿಗೆಲ್ಲ ಚಿಕ್ಕಮ್ಮ. ವಿಜಾಪುರದ ಕಡೆಯವರು, ಮಡಿ ಮೈಲಿಗೆ ಎಂದರೆ ಪ್ರಾಣ. ನಲ್ಲಿಯ ಹತ್ತಿರ ಬೇರೆಯವರ ಕೊಡ ತಾಗಿದರೆ ಇಡೀ ಚಾಳಿಗೆ ಕೇಳುವ ಹಾಗೆ ಕೂಗಾಡಿ ಮತ್ತೆ ಸ್ನಾನಕ್ಕೆ ಹೋಗುವ ಹೆಂಗಸು. ಅವರೇ ಮೇಲೆ ಬಂದು, "ಅಳಕೋತ ಕುಂಡ್ರಬ್ಯಾಡ. ಗಾಡಿ ನೋಡಿದ್ರ ಅದೇನು ನಿನ್ನ ಧಾರವಾಡಕ್ಕ ಒಯ್ತೈತೇನು? ಅಕ್ಕೋರ ಹತ್ರ ಹೋಗು, ನಾಕು ಅಕ್ಷರ ಇಂಗ್ಲೀಸ ಕಲಿ" ಎಂದು ಕೈಹಿಡಿದು ಎಳೆದೊಯ್ದರು. ಮೆಟ್ರಿಕ್ಕಿನಲ್ಲಿ ನಾನು ನಪಾಸಾದದ್ದು ಇಂಗ್ಲಿಷಿನಲ್ಲಿಯೇ ಎನ್ನುವುದು ಅವರಿಗೆ ಹೇಗೆ ತಿಳಿದಿತ್ತೋ ಕಾಣೆ. ಚಾಳಿನಲ್ಲಿ ತಿಳಿಯದ ವಿಷಯವೇ ಇರಲಿಲ್ಲ.

ಅಕ್ಕೋರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಫೀ ಗೀ ಏನೂ ಬ್ಯಾಡ. ಸಂಜೀಕ ನಾ ಬರೂದರಾಗ ನನ್ನ ಹಾಲು ಕಾಸಿ ಇಡು. ಬಂದ ಮ್ಯಾಲೆ ಒಲಿ ಹಚ್ಚಾಕ ಬ್ಯಾಸರ ಬರ್ತದ" ಎಂದರು. ಹೀಗೆ ನನಗೆ ಅವರ ಮನೆಯ ಕೀಲಿಕೈ ಸಿಕ್ಕಿತು. ಒಂದು ಕಬ್ಬಿಣದ ಮಂಚ, ಗೋಡೆಗೆ ಒರಗಿಸಿದ ಇನ್ನೊಂದು ಮಡಚುವ ಮಂಚ, ಗೂಟಕ್ಕೆ ನೇತುಹಾಕಿದ ಗಂಡಸರ ಕರಿ ಕೊಡೆ. ಕೊಡೆಯ ಮೇಲೆ ಧೂಳು ಇರುತ್ತಿರಲಿಲ್ಲ. ಅದನ್ನು ಅವರು ದಿನಾ ಒರೆಸುತ್ತಿದ್ದರು.

ಪಾಠ ಸುರುವಾದ ದಿನ ನಾನು ಊರಿನಿಂದ ತಂದ ವ್ಯಾಕರಣದ ಪುಸ್ತಕ ತೆಗೆದೆ. ಅವರು ಅದನ್ನು ಮುಚ್ಚಿಸಿದರು. ಇನ್, ಅಟ್, ಆನ್, ಆಫ್, ಟು, ಫ್ರಮ್, ಇವು ಸಣ್ಣ ಶಬ್ದಗಳು, ಇವಕ್ಕೆ ಒಂಟಿಯಾಗಿ ಅರ್ಥವೇ ಇಲ್ಲ, ಯಾವ ಹೆಸರಿನ ಜೊತೆ ಯಾವುದು ಬಾಳುವೆ ಮಾಡುತ್ತದೆ ಎಂದು ನೋಡಿ ಜೋಡಿಯಾಗಿಯೇ ಕಲಿಯಬೇಕು ಎನ್ನುವುದು ಅವರ ಪದ್ಧತಿ. ನನ್ನನ್ನು ಪೇಟೆಗೆ ಕರೆದುಕೊಂಡು ಹೋಗಿ ಬೋರ್ಡುಗಳನ್ನು ಓದಿಸುತ್ತಿದ್ದರು. ಬಂಗಲೆಯ ಗೇಟಿನ ಮೇಲೆ 'ಬಿವೇರ್ ಆಫ್ ಡಾಗ್ಸ್'. ಬಟ್ಟೆ ಅಂಗಡಿಯ ಮುಂದೆ 'ಆನ್ ಸೇಲ್'. ಕಾರಖಾನೆಯ ಬಾಗಿಲಿಗೆ 'ನೋ ಅಡ್ಮಿಷನ್ ಎಕ್ಸೆಪ್ಟ್ ಆನ್ ಬಿಸಿನೆಸ್'. ನಾನು ಬೋರ್ಡು ಓದುತ್ತ ನಡೆದು ಒಬ್ಬ ಬಾಳೆಹಣ್ಣಿನವನ ಗಾಡಿಗೆ ಡಿಕ್ಕಿ ಹೊಡೆದದ್ದೂ ಉಂಟು.

ಒಮ್ಮೆ ಅವರು ಹೇಳಿದ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. "ನಮ್ಮ ಭಾಷಾದಾಗ ಮೊದಲು ಮನಷ್ಯಾನ ಹೆಸರು ಹೇಳ್ತೀವಿ. ಆಮ್ಯಾಲೆ ಅವಗೋ, ಅವನಿಂದೋ, ಅವನ ಕೂಡೋ ಅಂತ ಸಾವಕಾಶ ವಿಚಾರ ಮಾಡ್ತೀವಿ. ಇಂಗ್ಲಿಷಿನಾಗ ಹಾಂಗ ನಡಿಯೂದಿಲ್ಲ. ಅವಂದೂ ನಿಂದೂ ಏನು ಸಂಬಂಧ ಅನ್ನೂದು ಮೊದಲಽ ಇತ್ಯರ್ಥ ಆಗಬೇಕು. ಹೆಸರು ಆಮ್ಯಾಲೆ."

ನಾನು 'ಐ ಲಿವ್ ಅಟ್ ಘಾಟ್ಕೋಪರ್' ಎಂದು ಬರೆದಿದ್ದೆ. ದೊಡ್ಡ ಊರಿಗೆ ಇನ್, ಸಣ್ಣ ಊರಿಗೆ ಅಟ್ ಎಂದು ನನ್ನ ಪುಸ್ತಕ ಹೇಳಿತ್ತು. ಅಕ್ಕೋರು ನಕ್ಕರು. "ಗಾಡಿ ನಿಲ್ಲೂದು ಅಟ್ ಘಾಟ್ಕೋಪರ್. ಮನಿ ಮಾಡಿಕೊಂಡು ಇರೂದು ಇನ್ ಘಾಟ್ಕೋಪರ್. ನಿನ್ನ ಮನಸಿನಾಗ ಇದು ಇನ್ನೂ ಬರೇ ಸ್ಟೇಷನ್ ಅದ ನೋಡು. ಯಾವಾಗ ಗಾಡಿ ಬಂದೀತು, ಯಾವಾಗ ಹತ್ತೀನಿ ಅಂತ ಕುಂತೀದಿ." ಅವರು ಹೇಳಿದ್ದು ನಿಜವಾಗಿತ್ತು. ನನ್ನ ಟ್ರಂಕನ್ನು ನಾನು ಪೂರ್ತಿ ಬಿಚ್ಚಿರಲಿಲ್ಲ.

ಇನ್ನೊಂದು ದಿನ 'ಮ್ಯಾರೀಡ್ ವಿತ್' ಎಂದು ಬರೆದದ್ದಕ್ಕೆ ಬೆರಳಿನಿಂದ ಪಾಟಿಯನ್ನು ಟಕ್ ಎಂದು ಕುಟ್ಟಿದರು. "ಮ್ಯಾರೀಡ್ ಟು."

"ಗಂಡನ ಕೂಡ ಲಗ್ನ ಆತು ಅಂತೀವಲ್ರಿ ನಾವು?" ಎಂದೆ.

"ನಾವು ಅಂತೀವಿ. ಅವರು ಟು ಅಂತಾರ. ಕೂಡ ಇರಬೇಕು ಅಂತ ಏನೂ ಇಲ್ಲ ಅದರಾಗ" ಎಂದು ಹೇಳಿ ಎದ್ದು ಹೋಗಿ ಹಾಲಿಗೆ ಸಕ್ಕರೆ ಹಾಕಿಕೊಂಡರು. ಆಗ ನನಗೆ ಅದು ವ್ಯಾಕರಣವಾಗಿಯೇ ಕೇಳಿಸಿತ್ತು.

ಅವರ ಯಜಮಾನರನ್ನು ನಾನು ನೋಡಿರಲಿಲ್ಲ. ನಾಗಪಂಚಮಿಗೆ ಕಾಕುವಿನ ಮನೆಯಲ್ಲಿ ಉಂಡಿ ಕಟ್ಟಿ, ಮನೆಮನೆಗೆ ಬೀರುವ ಕೆಲಸ ನನಗೆ ಬಂತು. ಆ ಚಾಳಿನಲ್ಲಿ ಹಬ್ಬದ ತಿಂಡಿಯನ್ನು ಮನೆಯಲ್ಲಿರುವ ತಲೆ ನೋಡಿ ಕಳಿಸುತ್ತಿದ್ದರು. ನಾನು ಅಕ್ಕೋರ ತಾಟಿಗೆ ಒಬ್ಬರ ಪಾಲು ಹಾಕಿದೆ. ಕಾಕು ಕಣ್ಣು ಕೆಕ್ಕರಿಸಿದರು.

"ಏ ಹುಚ್ಚಿ, ಅಕ್ಕೋರ ಮನಿಗೆ ಇಬ್ಬರದು ಒಯ್ಯಬೇಕು."

"ಅವರು ಒಬ್ಬರಽ ಇರ್ತಾರಲ್ರಿ?"

"ಅವರ ಯಜಮಾನ್ರು ಟೂರಿನ ಮ್ಯಾಲೆ ಅದಾರ. ಬಂದ್ರ ಬಂದಾರು. ಇಬ್ಬರದು ಹಾಕು, ಸುಮ್ನ ಒಯ್ಯಿ. ಇಲ್ಲದ್ದು ಕೇಳಬ್ಯಾಡ."

ಒಯ್ದೆ. ಅಕ್ಕೋರು ತಾಟು ಇಸಿದುಕೊಂಡು ಉಂಡಿಗಳನ್ನು ನೋಡಿ, "ಅವರಿಗೆ ಎಳ್ಳುಂಡಿ ಸೇರೂದಿಲ್ಲ" ಎಂದರು. ಆಮೇಲೆ, ನಾನೇನೂ ಕೇಳದಿದ್ದರೂ, ಇಂಗ್ಲಿಷಿನಲ್ಲಿ, "ಹಿ ಈಸ್ ಆನ್ ಟೂರ್" ಎಂದರು. ಬರಿದಾದ ತಾಟಿಗೆ ಒಂದು ಹಿಡಿ ಸಕ್ಕರೆ ಹಾಕಿ ಮರಳಿ ಕೊಟ್ಟರು. ಎರಡನೆಯ ಪಾಲನ್ನು ಅವರು ಹಾಲಿನ ಭಯ್ಯಾನಿಗೆ ಕೊಡುತ್ತಿದ್ದರು ಎಂದು ಆಮೇಲೆ ನನಗೆ ಗೊತ್ತಾಯಿತು.

ಯಾರಾದರೂ ವಿಚಾರಿಸಿದರೆ ಅವರ ಉತ್ತರ ಯಾವಾಗಲೂ ಇಂಗ್ಲಿಷಿನಲ್ಲಿ ಇರುತ್ತಿತ್ತು. ಒಂದು ಸಲ 'ಆನ್ ಟೂರ್'. ಇನ್ನೊಂದು ಸಲ 'ಆನ್ ಡ್ಯೂಟಿ ಅಟ್ ನಾಗಪುರ್'. ಹೆಚ್ಚಾಗಿ 'ಔಟ್ ಆಫ್ ಸ್ಟೇಷನ್'. ಆಫೀಸಿನ ಜನ ಪರಊರಿಗೆ ಹೋದವರ ಬಗ್ಗೆ ಹಾಗೆ ಹೇಳುವುದು ಆಗ ರೂಢಿಯಾಗಿತ್ತು. ಕೇಳಿದವರು ತಲೆ ಅಲ್ಲಾಡಿಸಿ, "ಭಾಳ ತಿರುಗಾಟ ನೋಡ್ರಿ ಪಾಪ ಅವರಿಗೆ" ಎಂದು ಮುಂದೆ ಹೋಗುತ್ತಿದ್ದರು. ಯಾವ ಕಂಪನಿ ಮನುಷ್ಯನನ್ನು ಹೀಗೆ ವರ್ಷಗಟ್ಟಲೆ ತಿರುಗಿಸುತ್ತದೆ ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ಆದರೆ ಕಾಕುವಿನ ಹೆದರಿಕೆಗೆ ಬಾಯಿ ಬಿಡಲಿಲ್ಲ.

ಒಂದು ಆದಿತ್ಯವಾರ ನಾನೂ ನಮ್ಮವರೂ ಅವರ ಗೆಳೆಯರ ಮನೆಗೆ ಹೊರಟು ದಾದರಿನಲ್ಲಿ ಇಳಿದೆವು. ಸೇತುವೆ ದಾಟಿ ಪಶ್ಚಿಮ ಲೈನಿನ ಪ್ಲಾಟ್‌ಫಾರ್ಮಿಗೆ ಬಂದರೆ ಬೆಂಚಿನ ಮೇಲೆ ಅಕ್ಕೋರು ಕುಳಿತಿದ್ದರು. ಒಳ್ಳೆಯ ಇಳಕಲ್ ಸೀರೆ, ತಲೆಯಲ್ಲಿ ಅಬ್ಬಲಿಗೆ, ಹಣೆಯಲ್ಲಿ ಅಗಲವಾದ ಕುಂಕುಮ. ಬೋರಿವಲಿಯ ಕಡೆಯಿಂದ ಒಂದು ಗಾಡಿ ಬಂತು, ಜನ ಇಳಿದರು, ಗಾಡಿ ಹೋಯಿತು. ಅಕ್ಕೋರು ಇಳಿದವರ ಮುಖಗಳನ್ನು ನೋಡಿದರು. ಮತ್ತೊಂದು ಗಾಡಿ ಬಂತು, ಅದನ್ನೂ ಹಾಗೆಯೇ ನೋಡಿದರು. ನಾನು ಕೂಗಲು ಬಾಯಿ ತೆರೆದರೆ ನಮ್ಮವರು ಕೈ ಅದುಮಿ ಹಿಡಿದರು.

ಆಮೇಲೆ ಗಾಡಿಯಲ್ಲಿ ಅವರು ದನಿ ತಗ್ಗಿಸಿ ಹೇಳಿದರು. "ಅವರ ಗಂಡ ಮಲಾಡಿನಾಗ ಇರ್ತಾನ. ಇನ್ನೊಂದು ಸಂಸಾರ ಅದ, ಮಕ್ಕಳವ. ಔಷಧ ಮಾರೂ ಕಂಪನ್ಯಾಗ ಇದ್ದ, ಮೊದಲು ಖರೇನ ಟೂರ್ ಮಾಡ್ತಿದ್ದ. ಒಂದು ಸರ್ತಿ ಹೋದಾಂವ ತಿರುಗಿ ಬರಲಿಲ್ಲ. ಬಿಲ್ಡಿಂಗಿಗೆಲ್ಲಾ ಗೊತ್ತದ."

"ಎಲ್ಲಾರಿಗೂ?"

"ಎಲ್ಲಾರಿಗೂ. ಎಲ್ಲಾರಿಗೂ ಗೊತ್ತದ ಅನ್ನೂದು ಅಕ್ಕೋರಿಗೂ ಗೊತ್ತದ."

ನನಗೆ ಆ ದಿನ ಗೆಳೆಯರ ಮನೆಯ ಊಟ ಸೇರಲಿಲ್ಲ. ಘಾಟ್ಕೋಪರದಿಂದ ಮಲಾಡು ಎಷ್ಟು ದೂರ ಮಹಾ? ದಾದರಿನಲ್ಲಿ ಒಮ್ಮೆ ಬದಲಿಸಿದರೆ ಆಯಿತು, ಹೊತ್ತು ಮುಳುಗುವುದರೊಳಗೆ ಹೋಗಿ ಬರಬಹುದು. ಅಷ್ಟು ಹತ್ತಿರದಲ್ಲಿರುವ ಮನುಷ್ಯನನ್ನು ಇವರು ನಾಗಪುರ, ರಾಯಪುರ ಎಂದು ಊರೂರು ತಿರುಗಿಸುತ್ತಿದ್ದರು. ಕಾಕು ಎಂಥ ಕಟ್ಟುನಿಟ್ಟಿನ ಹೆಂಗಸು, ಅವರೂ ಎರಡನೆಯ ಪಾಲನ್ನು ತಪ್ಪದೆ ಕಳಿಸುತ್ತಿದ್ದರು. ಗಂಡ ಬಿಟ್ಟವಳು ಎಂದು ಒಬ್ಬರು ಒಂದು ಸಲ ಬಾಯಿಬಿಟ್ಟು ಅಂದಿದ್ದರೆ ಅಕ್ಕೋರಿಗೆ ಆ ನಲ್ಲಿಯ ಹತ್ತಿರ, ಆ ಮೆಟ್ಟಿಲ ಮೇಲೆ ತಲೆ ಎತ್ತಿ ಓಡಾಡುವುದು ಸಾಧ್ಯವಿರಲಿಲ್ಲ. ಇಡೀ ಬಿಲ್ಡಿಂಗು ಸೇರಿ ಆ ಒಂದು ಮಾತನ್ನು ಅನ್ನದೆ ಉಳಿಸಿಕೊಂಡು ಬಂದಿತ್ತು. ಮರುದಿನ ಹಾಲು ಕಾಸಲು ಹೋದಾಗ ನಾನೂ ಏನೂ ತಿಳಿಯದವಳ ಹಾಗೆ ಮಾತಾಡಿದೆ. ಬಿಲ್ಡಿಂಗಿನವಳಾಗಲು ನನಗೆ ಅಂದು ಸಾಧ್ಯವಾಯಿತು ಎನ್ನಬೇಕು.

ಎರಡು ವರ್ಷ ಹೀಗೇ ಹೋಯಿತು. ನನ್ನ ಇಂಗ್ಲಿಷು ಅಕ್ಕೋರ ಬೆರಳಿಗೆ ಹೆದರಿ ಸುಧಾರಿಸಿತು. ಹೋಳಿ ಮುಗಿದ ವಾರ, ಶಾಲೆಗೆ ರಜೆಯಿದ್ದ ಒಂದು ಬೆಳಿಗ್ಗೆ, ನಾನು ಅವರ ಮನೆಯಲ್ಲಿ ಕುಳಿತು ಓದುತ್ತಿದ್ದೆ. ಒಬ್ಬ ಮುದುಕರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಅಕ್ಕೋರ ಗಂಡನ ಜೊತೆ ಮೊದಲಿನ ಕಂಪನಿಯಲ್ಲಿ ಇದ್ದವರಂತೆ. ಬಾಗಿಲಲ್ಲಿಯೇ ನಿಂತು, ಟೊಪ್ಪಿಗೆ ತೆಗೆದು, "ಬಾಯಿ, ತುಮಚೆ ಮಿಸ್ಟರ್ ಗೇಲೆ" ಎಂದು ಮರಾಠಿಯಲ್ಲಿ ಹೇಳಿದರು. ನಿಮ್ಮವರು ಹೋದರು ಎಂದು. ಬೆಳಗಿನ ಜಾವ, ಎದೆನೋವು, ಮಲಾಡಿನ ಮನೆಯಲ್ಲಿಯೇ.

ಅಕ್ಕೋರು ಅವರಿಗೆ ನೀರು ಕೊಟ್ಟರು. ಮನೆಯ ವಿಳಾಸ ಕೇಳಿದರು. ಇಷ್ಟು ವರ್ಷ ಅವರಿಗೆ ವಿಳಾಸವೂ ಗೊತ್ತಿರಲಿಲ್ಲ. ಮುದುಕರು ಹೋದ ಮೇಲೆ ನನ್ನ ಕಡೆ ತಿರುಗಿ, "ನೀ ಬರ್ತೀ ಏನು? ನನಗ ಒಬ್ಬಾಕಿನ್ನ ಹೋಗಾಕ ಆಗೂದಿಲ್ಲ" ಎಂದರು. ಅವರು ಯಾರನ್ನಾದರೂ ಏನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮಲಾಡಿನ ಮನೆಯ ಮುಂದೆ ಗಂಡಸರು ನಿಂತಿದ್ದರು. ನಾವು ಹೋಗುವುದರೊಳಗೆ ಹೆಣ ಎತ್ತಿಬಿಟ್ಟಿದ್ದರು. ಒಳಗೆ ಜಮಖಾನೆಯ ಮೇಲೆ ಹೆಂಗಸರು, ಅವರ ನಡುವೆ ಗೋಡೆಗೆ ಒರಗಿದ ಒಬ್ಬಳು. ಅಕ್ಕೋರಿಗಿಂತ ಹತ್ತು ವರ್ಷವಾದರೂ ಸಣ್ಣವಳು. ಅವಳ ಎರಡೂ ಕೈ ಬರಿದಾಗಿದ್ದವು, ಹೊಸ್ತಿಲ ಹತ್ತಿರ ಹಸಿರು ಬಳೆಯ ಚೂರುಗಳು ಬಿದ್ದಿದ್ದವು. ಅಕ್ಕೋರ ಕೈಯಲ್ಲಿ ಬಳೆ, ಹಣೆಯಲ್ಲಿ ಕುಂಕುಮ, ಎಲ್ಲ ಇದ್ದ ಹಾಗೆಯೇ ಇತ್ತು. ಬಾಗಿಲಲ್ಲಿದ್ದ ಒಬ್ಬ ಹಿರಿಯರು, "ಆಪಣ್ ಕೋಣ್?" ಎಂದು ಕೇಳಿದರು. ನೀವು ಯಾರು?

ಅಕ್ಕೋರು ಕಾನೂನಿಗೆ ಹೆಂಡತಿ, ದೇವರ ಮುಂದೆ ಹೆಂಡತಿ, ಒಂದು ಮಾತು ಸಾಕಾಗಿತ್ತು. ಹೇಳಲಿ ಎಂದು ನನಗೆ ಅನಿಸಿತು. ಆ ಮನೆಯೆಲ್ಲ ಕೇಳುವ ಹಾಗೆ ಹೇಳಲಿ.

"ಘಾಟ್ಕೋಪರಹೂನ ಆಲೆ" ಎಂದರು ಅಕ್ಕೋರು. ಘಾಟ್ಕೋಪರದಿಂದ ಬಂದೆ. ಅಷ್ಟೇ. ಅವರು ಯಾರು, ಅವರಿಗೂ ಹೋದವರಿಗೂ ಏನು ಸಂಬಂಧ, ಏನನ್ನೂ ಹೇಳಲಿಲ್ಲ.

ಹಿರಿಯರು ಆಫೀಸಿನ ಪರಿಚಯದವರಿರಬೇಕು ಎಂದುಕೊಂಡು ದಾರಿ ಬಿಟ್ಟರು. ಗೋಡೆಗೆ ಒರಗಿದವಳು ಮಾತ್ರ ಘಾಟ್ಕೋಪರ ಎಂದದ್ದನ್ನು ಕೇಳಿ ತಲೆ ಎತ್ತಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸ್ವಲ್ಪ ಸರಿದು ತನ್ನ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಅಕ್ಕೋರು ಹೋಗಿ ಅಲ್ಲಿ ಕುಳಿತರು. ಒಳಗಿನ ಕೋಣೆಯಲ್ಲಿ ಒಂದು ಮಗು ಬಾಬಾ ಎಲ್ಲಿ ಎಂದು ಕೇಳುತ್ತಿತ್ತು, ಯಾರೋ ಅದಕ್ಕೆ ಬಿಸ್ಕೀಟು ಕೊಡುತ್ತಿದ್ದರು. ಸ್ಮಶಾನಕ್ಕೆ ಹೋದವರು ತಿರುಗಿ ಬರುವ ಹೊತ್ತಾದಾಗ ಅಕ್ಕೋರು ಎದ್ದರು.

ಮರಳುವಾಗ ಗಾಡಿಯಲ್ಲಿ ಹೆಂಗಸರ ಡಬ್ಬಿ ಅರ್ಧ ಖಾಲಿ ಇತ್ತು. ಅಂಧೇರಿ ದಾಟುವವರೆಗೂ ಅವರು ಕಿಟಕಿಯ ಕಡೆ ಮುಖ ಮಾಡಿದ್ದರು. ಆಮೇಲೆ ಹೇಳಿದರು: "ನೀ ಲಕ್ಷ್ಯ ಕೊಟ್ಟೀಯೋ ಇಲ್ಲೋ, ಆ ಟೂರಿನ ಮಾತು ನಾ ಕನ್ನಡದಾಗ ಒಮ್ಮೆನೂ ಆಡಿಲ್ಲ. ಕನ್ನಡದಾಗ ಅಂದ್ರ ನಮ್ಮವ್ವಗ ಸುಳ್ಳು ಹೇಳಿದಂಗ ಅನಸ್ತಿತ್ತು. ಇಂಗ್ಲಿಷಿನಾಗ ಅಂದ್ರ ಶಾಲಿಯೊಳಗ ಪಾಠ ಹೇಳಿದಂಗ ಹೇಳಿಬಿಡಬಹುದು."

ನಾನು ಅವರ ಕೈ ಹಿಡಿದುಕೊಂಡೆ. "ಬಿಲ್ಡಿಂಗಿನಾಗ ನಾ ಏನೂ ಹೇಳೂದಿಲ್ರಿ. ಯಾರಿಗೂ ತಿಳಿಯೂದಿಲ್ಲ. ಹ್ಯಾಂಗ ನಡದದ ಹಾಂಗಽ ನಡೀಲಿ."

"ಹ್ಯಾಂಗ ನಡೀತದ? ಔಟ್ ಆಫ್ ಸ್ಟೇಷನ್ ಅನ್ನಾಕರೆ ಮನಷ್ಯಾ ಎಲ್ಲ್ಯರೆ ಇರಬೇಕಲ್ಲ" ಎಂದರು. ಆಮೇಲೆ ದಾದರ ಬಂತು, ಇಳಿದೆವು.

ನಾನು ಮಾತು ಉಳಿಸಿಕೊಂಡೆ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದ ಕಾಕುವಿಗೆ ಅಕ್ಕೋರ ಶಾಲೆಯವರ ಮನೆಗೆ ಎಂದೆ. ಆದರೆ ಅಂಥ ಸುದ್ದಿ ಮುಚ್ಚಿಡುವುದು ಆಗುವ ಮಾತೇ? ವಾರದೊಳಗೆ ಮೆಟ್ಟಿಲ ಮೇಲೆ ಗುಸುಗುಸು ಸುರುವಾಗಿ, ಅಕ್ಕೋರು ಬಂದಕೂಡಲೇ ನಿಲ್ಲತೊಡಗಿತು. ಯುಗಾದಿಗೆ ಕಾಕು ಹೋಳಿಗೆ ಕಳಿಸಿದರು. ತಾಟಿನಲ್ಲಿ ಇಬ್ಬರ ಪಾಲೇ ಇತ್ತು. ಕಾಕುವಿನ ಮುಖ ನೋಡಿದೆ, ಅವರು ಬೇರೆ ಕಡೆ ನೋಡಿದರು. ಬಿಲ್ಡಿಂಗು ತೀರ್ಮಾನ ಮಾಡಿಯಾಗಿತ್ತು. ಅಕ್ಕೋರು ಹೇಳದಿದ್ದರೆ ತಾವೂ ಕೇಳುವುದಿಲ್ಲ, ಅವರ ಕುಂಕುಮ ಅವರಿಗಿರಲಿ ಎಂದು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಆ ತಾಟನ್ನು ನಾನು ಹೆಚ್ಚೂಕಡಿಮೆ ಓಡುತ್ತಲೇ ಒಯ್ದೆ. ಅಕ್ಕೋರು ಎರಡು ಹೋಳಿಗೆಗಳನ್ನೂ ನೋಡಿದರು. ಈ ಸಲ ಇಂಗ್ಲಿಷಿನಲ್ಲಿ ಏನೂ ಹೇಳಲಿಲ್ಲ.

ಚೈತ್ರಗೌರಿಯ ಅರಿಶಿನ ಕುಂಕುಮ ಕಾಕುವಿನ ಮನೆಯಲ್ಲಿ ಪ್ರತಿವರ್ಷದ ಪದ್ಧತಿ. ತೊಟ್ಟಿಲಿನಲ್ಲಿ ಗೌರಿ, ಮುಂದೆ ಮಾವಿನಕಾಯಿ ಕೋಸಂಬರಿ, ಪಾನಕ, ನೆನೆಸಿದ ಕಡಲೆ. ಚಾಳಿನ ಹೆಂಗಸರೆಲ್ಲ ಗೋಡೆಯ ಗುಂಟ ಕುಳಿತಿದ್ದರು. ಅಕ್ಕೋರೂ ಬಂದರು, ಎಂದಿನ ಇಳಕಲ್ ಸೀರೆ, ಎಂದಿನ ಕುಂಕುಮ. ಗುಜರಾತಿ ಬೆನ್ ಸರಿದು ಜಾಗ ಮಾಡಿದಳು. ಕಾಕು ಒಬ್ಬೊಬ್ಬರ ಹಣೆಗೆ ಹಚ್ಚುತ್ತ, ಉಡಿಗೆ ಕಡಲೆ ಹಾಕುತ್ತ ಬಂದು ಅಕ್ಕೋರ ಮುಂದೆ ಬಗ್ಗಿದರು. ಅವರು ಒಂದು ಅರೆಗಳಿಗೆಯೂ ತಡೆಯದೆ ಎಲ್ಲರಿಗೆ ಹಚ್ಚಿದ ಹಾಗೆಯೇ ಕುಂಕುಮಕ್ಕೆ ಬೆರಳು ಅದ್ದಿದ್ದನ್ನು ನಾನು ನೋಡಿದೆ.

"ನನಗ ಬ್ಯಾಡ್ರಿ ಕಾಕು" ಎಂದರು ಅಕ್ಕೋರು.

"ಯಾಕ್ರಿ?"

"ಅವರು ತೀರಿಕೊಂಡ್ರು. ಹೋದ ತಿಂಗಳ. ಮಲಾಡಿನಾಗ, ಅವರ ಮನ್ಯಾಗ. ಹೆಂಡತಿ, ಮಕ್ಕಳು ಎಲ್ಲಾ ಹತ್ರಽ ಇದ್ರು."

ಪಾನಕದ ಲೋಟಗಳು ಕೆಳಗಿಳಿದವು. ಕನ್ನಡ ತಿಳಿಯದ ಬೆನ್ ಮಾತ್ರ ಮಗುವಿಗೆ ಕೋಸಂಬರಿ ತಿನ್ನಿಸುತ್ತ ನಗುತ್ತಿದ್ದಳು. ಕಾಕುವಿನ ಬೆರಳು ಕುಂಕುಮದ ಸಮೇತ ಅಲ್ಲಿಯೇ ನಿಂತಿತ್ತು. ಬೇರೆಯವರ ಕೊಡ ತಾಗಿದರೆ ಮತ್ತೆ ಸ್ನಾನ ಮಾಡುವ ಆ ಹೆಂಗಸಿನ ಕಣ್ಣಲ್ಲಿ ನೀರು ಬಂತು.

"ಸುಳ್ಳು" ಎಂದರು ಕಾಕು. "ಯಾರು ಹೇಳ್ಯಾರ ನಿಮಗ? ಅವರು ಟೂರಿನ ಮ್ಯಾಲೆ ಅದಾರ. ಔಟಾಪ್ ಸ್ಟೇಷನ್ ಅದಾರ. ನಮಗ್ಯಾರಿಗೂ ಏನೂ ಗೊತ್ತಿಲ್ಲ. ನಿಮ್ಮ ಕಾಲು ಬೀಳ್ತೀನಿ ಅಕ್ಕೋರ, ಹಣಿ ಈ ಕಡೆ ಮಾಡ್ರಿ."

ಅಕ್ಕೋರು ಕಾಕುವಿನ ಮಣಿಕಟ್ಟು ಹಿಡಿದು, ಮೆಲ್ಲಗೆ ಆ ಕೈಯನ್ನು ಕುಂಕುಮದ ಬಟ್ಟಲಿಗೆ ಮರಳಿಸಿದರು. "ಇಷ್ಟು ವರ್ಷ ಗೊತ್ತಿಲ್ಲದಂಗ ಇದ್ರಿ. ಅದು ಸಣ್ಣ ಉಪಕಾರ ಅಲ್ಲ ಕಾಕು. ಇನ್ನ ಸಾಕು, ಗೊತ್ತಿರಲಿ" ಎಂದರು. ಆಮೇಲೆ ಪಾನಕ ಕೇಳಿ ಇಸಿದುಕೊಂಡು ಪೂರ್ತಿ ಕುಡಿದರು. ಅರ್ಧಕ್ಕೆ ಎದ್ದು ಹೋಗಲಿಲ್ಲ. ಎಲ್ಲರೂ ಹೋಗುವವರೆಗೆ ಕುಳಿತಿದ್ದರು, ಯಾರೂ ಅವರ ಜೊತೆ ಮಾತಾಡಲಿಲ್ಲ.

ಬಿಲ್ಡಿಂಗಿನವರು ಕೆಟ್ಟವರಲ್ಲ. ಆದರೆ ಗೊತ್ತಿಲ್ಲದ ಹಾಗೆ ಇರುವುದನ್ನು ಅವರು ಎಷ್ಟು ಚೆನ್ನಾಗಿ ಕಲಿತಿದ್ದರೆಂದರೆ, ಗೊತ್ತಾದ ಮೇಲೆ ಹೇಗಿರಬೇಕು ಎನ್ನುವುದೇ ತಿಳಿಯಲಿಲ್ಲ. ಎದುರಿಗೆ ಸಿಕ್ಕರೆ ಏನು ವಿಚಾರಿಸಬೇಕು? ಮೊದಲಾದರೆ ಯಜಮಾನರ ಮಾತು ಇತ್ತು. ನಲ್ಲಿಯ ಹತ್ತಿರ ಜಾಗ ಬಿಟ್ಟು ದೂರ ಸರಿಯುತ್ತಿದ್ದರು, ಅದು ಮರ್ಯಾದೆಗೋ ಸಂಕೋಚಕ್ಕೋ ಹೇಳಲು ಬಾರದು. ಹಬ್ಬಕ್ಕೆ ಒಬ್ಬರ ಪಾಲು ಹೋಗತೊಡಗಿತು. ಅಕ್ಕೋರು ಗೂಟದ ಕೊಡೆಯನ್ನು ಯಾರಿಗೋ ಕೊಟ್ಟರು. ಆದಿತ್ಯವಾರಗಳಲ್ಲಿ ಎಲ್ಲಿಗೂ ಹೋಗದೆ ಮಂಚದ ಮೇಲೆ ಕುಳಿತಿರುತ್ತಿದ್ದರು. ನಾನು ಮೆಟ್ರಿಕ್ ಪಾಸಾದ ವರ್ಷ ಅವರು ಶಾಲೆಯ ಹತ್ತಿರ ಸಾಯನ್ನಿನಲ್ಲಿ ಒಂದು ಖೋಲಿ ಹಿಡಿದು ಹೋಗಿಬಿಟ್ಟರು. ಮೊದಮೊದಲು ಹೋಗಿ ಬರುತ್ತಿದ್ದೆ. ಆಮೇಲೆ ನಾನು ಬಾಣಂತನಕ್ಕೆಂದು ಧಾರವಾಡದಲ್ಲಿ ಇದ್ದಾಗ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಸುದ್ದಿ ನನಗೆ ಮುಟ್ಟಿದ್ದು ಎಷ್ಟೋ ದಿನಗಳ ಮೇಲೆ. ಹತ್ತಿರ ಯಾರಿದ್ದರು ಎಂದು ವಿಚಾರಿಸಿದೆ, ಹೇಳುವವರು ಯಾರೂ ಇರಲಿಲ್ಲ. ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ನಾನು ಅತ್ತದ್ದನ್ನು ನೋಡಿ ನಮ್ಮವ್ವ ಹೆದರಿಬಿಟ್ಟಳು.

ಮುಂದೆ ನಾನೂ ಒಂದು ಶಾಲೆ ಸೇರಿ ಬಹಳ ವರ್ಷ ಇಂಗ್ಲಿಷ್ ಕಲಿಸಿದೆ. ಹುಡುಗಿಯರನ್ನು ಪೇಟೆಗೆ ಕರೆದೊಯ್ದು ಬೋರ್ಡು ಓದಿಸಿದೆ. ಅದೆಲ್ಲ ಅವರ ಋಣ, ಅದನ್ನು ನಾನು ಯಾರ ಮುಂದೆಯೂ ಹೇಳುತ್ತೇನೆ. ಹೇಳದೆ ಉಳಿದದ್ದು ಚೈತ್ರಗೌರಿಯ ಮರುದಿನದ್ದು ಮಾತ್ರ.

ಅಂದು ಸಂಜೆ ಹಾಲು ಕಾಸಿಟ್ಟು, ಪುಸ್ತಕ ಹಿಡಿದುಕೊಂಡು ಕುಳಿತಿದ್ದೆ. ಅಕ್ಕೋರು ಶಾಲೆಯಿಂದ ಬಂದರು. ಚಪ್ಪಲಿಯ ಸಪ್ಪಳ ಕೇಳಿದರೂ ನಾನು ತಲೆ ಎತ್ತಲಿಲ್ಲ. ಅವರು ಕೈಕಾಲು ತೊಳೆದುಕೊಂಡು ಬಂದು ಎದುರಿಗೆ ಕುಳಿತರು, ನಾನು ಪುಸ್ತಕವನ್ನೇ ನೋಡುತ್ತಿದ್ದೆ. ಅವರು ನನ್ನ ಗದ್ದ ಹಿಡಿದು ಮುಖ ಮೇಲಕ್ಕೆತ್ತಿದರು.

"ನೋಡು" ಎಂದರು. "ಮುಂಜಾನಿಂದ ಯಾರೂ ನನ್ನ ಮಾರಿ ನೋಡಿಲ್ಲ. ಗಾಡ್ಯಾಗಿಲ್ಲ, ಶಾಲ್ಯಾಗಿಲ್ಲ, ಇಲ್ಲಿ ಮೆಟ್ಟಲ ಮ್ಯಾಲೆ ಇಲ್ಲ. ನೀ ಒಬ್ಬಾಕಿ ಆದರೂ ನೋಡು."

ನಾನು ನೋಡಿದೆ. ಕುಂಕುಮವಿದ್ದ ಜಾಗದಲ್ಲಿ ಚರ್ಮ ದುಂಡಗೆ ಬಿಳಿಚಿಕೊಂಡಿತ್ತು. ಅಳು ಒತ್ತಿ ಬಂತು, ಆದರೂ ಕಣ್ಣು ತೆಗೆಯಲಿಲ್ಲ. ಅವರೂ ನನ್ನನ್ನು ನೋಡುತ್ತಲೇ ಇದ್ದರು. ಒಳಗೆ ಹಾಲು ಆರಿ ಕೆನೆಗಟ್ಟುವಷ್ಟು ಹೊತ್ತು ಇಬ್ಬರೂ ಹಾಗೆಯೇ ಕುಳಿತಿದ್ದೆವು.

"ಸಾಕು" ಎಂದರು ಅಕ್ಕೋರು. "ಈಗ ಪುಸ್ತಕ ತಗಿ."